ಬಿಳಿ ಗುಂಡಿಯ ತಮ್ಮ

“ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೆ ಇಲ್ಲೇ ಉದುರಿಹೋಗ್ಲಿ, ನೀವೇ ಗುಡಿಸಿ ಹೊರಗೆ ಹಾಕಿ,” ಎಂದು ಮೇಷ್ಟ್ರು ಎರಡೂ ಕೈ ಮೇಲೆತ್ತಿದರು. ಎತ್ತಿದ ಎಡಗೈಯ ಬೆರಳ ಸಂದಿಯಲ್ಲಿ ಒಂದು ಬಿಳಿ ಗುಂಡಿ ಅಡಗಿತ್ತು. ಅದು ಯಾರಿಗೂ ಕಾಣುವ ಹಾಗಿರಲಿಲ್ಲ. ವರ್ಷಗಟ್ಟಲೆ ಪಳಗಿದ ಕೈ.

ವಿಜ್ಞಾನ ಭವನದ ಮೂರನೆಯ ಕೋಣೆ ಅವರದು. ಕೋಣೆಯ ನಡುವೆ ನೆಲದಿಂದ ಚಾವಣಿಯವರೆಗೆ ತಿರುಚಿಕೊಂಡು ನಿಂತ ಮರದ ಏಣಿ; ಅದು ಡಿಎನ್‌ಎ ಮಾದರಿ. ಪ್ರತಿ ಮೆಟ್ಟಿಲಿಗೂ ಎರಡು ಬಣ್ಣ: ಕೆಂಪಿಗೆ ಹಳದಿಯೇ ಜೊತೆ, ನೀಲಿಗೆ ಹಸಿರೇ ಜೊತೆ. ಗೋಡೆಯ ಪಕ್ಕದ ಉದ್ದನೆಯ ಮೇಜಿನ ಮೇಲೆ ಅದೇ ನಾಲ್ಕು ಬಣ್ಣದ ಮಣಿಗಳ ಬಟ್ಟಲು, ದಾರದ ಉಂಡೆ. ನೋಡಲು ಬಂದವರು ಒಂದೊಂದು ದಾರ ತೆಗೆದುಕೊಂಡು ಮಣಿ ಪೋಣಿಸಬೇಕು. ಕಿವಿಯ ಹಾಲೆ ಕೆನ್ನೆಗೆ ಅಂಟಿದ್ದರೆ ಒಂದು ಬಣ್ಣ, ಜೋತುಬಿದ್ದಿದ್ದರೆ ಇನ್ನೊಂದು. ಕೂದಲು ಗುಂಗುರಾದರೆ ಒಂದು, ನೇರವಾದರೆ ಇನ್ನೊಂದು. ಕೊನೆಗೆ ದಾರಗಳನ್ನು ಪಕ್ಕಪಕ್ಕ ಹಿಡಿದರೆ ಯಾರದೂ ಇನ್ನೊಬ್ಬರ ಹಾಗಿಲ್ಲ, ಯಾರದೂ ಪೂರ್ತಿ ಬೇರೆಯೂ ಅಲ್ಲ. ಪಾಠ ಅಲ್ಲಿಗೆ ಮುಗಿಯಬೇಕು. ಆದರೆ ಅಲ್ಲಿಗೇ ಮುಗಿಸುವವರಾಗಿದ್ದರೆ ಅವರಿಗೆ ಬುರುಡೆ ಮೇಷ್ಟ್ರು ಅನ್ನುವ ಹೆಸರು ಯಾಕೆ ಬರುತ್ತಿತ್ತು?

“ಸಾವಿರ ಮಣಿ ಇದ್ರೆ ಒಂಬೈನೂರ ತೊಂಬತ್ತೊಂಬತ್ತು ನಿಮ್ಗೂ ನಂಗೂ ಒಂದೇ,” ಎಂದರು ಮೇಷ್ಟ್ರು, ಸಾಲಿನ ಮುಂದೆ ನಡೆಯುತ್ತ. “ಉಳಿದ ಆ ಒಂದರಲ್ಲೇ ನಿಮ್ಮ ಮೂಗು, ನನ್ನ ಹೊಟ್ಟೆ, ಎಲ್ಲಾ. ಎಂದೋ ಒಬ್ಬಳು ಅಜ್ಜಿಯಲ್ಲಿ ಒಂದು ಮಣಿ ತಪ್ಪಿ ಕೂತ್ಕೊಳ್ತು ಅನ್ಕೊಳ್ಳಿ. ಮಗಳಿಗೆ ಬರಬಹುದು, ಬರದೇನೂ ಇರಬಹುದು. ಬಂದ್ರೆ ಮೊಮ್ಮಗನಿಗೂ ಬಂದೀತು. ಅದೇ ತಪ್ಪು ಮಣಿ ಇಬ್ಬರ ಹತ್ರ ಸಿಕ್ತು ಅಂದ್ರೆ? ಅಜ್ಜಿ ಒಬ್ಬಳೇ.”

ಆ ಅಪರೂಪದ ಮಣಿ ಅಂತ, ಭವನಕ್ಕೆ ಮಣಿಗಳು ಬಂದ ಪೆಟ್ಟಿಗೆಯಲ್ಲೇ ಎರಡು ಬಿಳಿ ಮಣಿ ಬಂದಿದ್ದವು. ಒಂದನ್ನು ಯಾವುದೋ ಮಗು ನುಂಗಿತು, ಇನ್ನೊಂದು ಕಸದ ಜೊತೆ ಹೋಯಿತು. ಮೇಷ್ಟ್ರು ತಮ್ಮ ಹಳೆಯ ಕೋಟಿನ ಎರಡು ಗುಂಡಿ ಕಿತ್ತು ಆ ಜಾಗ ತುಂಬಿದ್ದರು. ಒಂದು ಅವರ ದಾರದಲ್ಲೇ ಇರುತ್ತಿತ್ತು. ಇನ್ನೊಂದನ್ನು, ಗುಂಪಿನಲ್ಲಿ ಯಾರ ಮುಖ ಹೆಚ್ಚು ಪೆಚ್ಚಾಗಿದೆಯೋ ಅವರ ದಾರ ನೋಡುವ ನೆಪದಲ್ಲಿ ಒಳಗೆ ಜಾರಿಸುತ್ತಿದ್ದರು. ಆಮೇಲೆ ಎರಡೂ ದಾರ ಎತ್ತಿ ಹಿಡಿದು, ಗಂಟಲು ಕಟ್ಟಿದವರ ಹಾಗೆ ಮಾಡಿ, ತೋಳು ಚಾಚಿ ತಬ್ಬಿಕೊಳ್ಳುವುದು. ಹೀಗೆ ಅವರಿಗೆ ಊರು ತುಂಬ ಒಡಹುಟ್ಟಿದವರು. ಅದರಲ್ಲಿ ಒಬ್ಬರು ನಿವೃತ್ತ ನ್ಯಾಯಾಧೀಶರು, ಒಬ್ಬರು ಹಲ್ಲಿನ ಡಾಕ್ಟರು. ಎಲ್ಲರೂ ನಕ್ಕು, ಗುಂಡಿ ವಾಪಸು ಕೊಟ್ಟು ಹೋಗಿದ್ದರು.

ಅವತ್ತು ಸಿಕ್ಕವನು ಕೊನೆಯ ಸಾಲಿನಲ್ಲಿ ನಿಂತಿದ್ದ. ತೆಳ್ಳಗಿನ ಆಳು, ಹೆಗಲಲ್ಲಿ ಹತ್ಯಾರದ ಚೀಲ. “ಸಿಕ್ಬಿಟ್ಟ ನನ್ನ ತಮ್ಮ,” ಎಂದು ಮೇಷ್ಟ್ರು ತಬ್ಬಿದರು. ಜನ ನಕ್ಕರು. ಅವನು ನಗಲಿಲ್ಲ. ಅವನೂ ತಬ್ಬಿದ. ಮೇಷ್ಟ್ರು ಕೈ ಸಡಿಲಿಸಿದರೂ ಅವನು ಬಿಡಲಿಲ್ಲ. ಎಣ್ಣೆಯ ವಾಸನೆ, ತೂಗುವ ಚೀಲದೊಳಗೆ ಕಬ್ಬಿಣದ ಕಿಣಿಕಿಣಿ. ನಗು ಒಂದು ಕಡೆಯಿಂದ ತಗ್ಗುತ್ತ ಬಂದು, ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಆಮೇಲೆ ಅವನು ಬಿಟ್ಟ. ದಾರವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದ.

“ಮೇಷ್ಟ್ರೇ, ನಿಮ್ಮ ಗುಂಡಿ ಹೋಯ್ತಲ್ಲ,” ಎಂದಳು ಬಾಗಿಲ ಬಳಿ ಕೂರುವ ಟಿಕೆಟ್ ಅಕ್ಕ.

“ಹೋಗ್ಲಿ ಬಿಡಮ್ಮ. ಮನೆಯವನೇ ತಾನೇ.”

ಮಾರನೆಯ ದಿನವೂ ಅವನು ಟಿಕೆಟ್ ತೆಗೆದುಕೊಂಡು ಬಂದ. ಅದರ ಮಾರನೆಯ ದಿನವೂ. ಕೊನೆಯ ಸಾಲಿನಲ್ಲಿ ನಿಂತು, ಪಾಠ ಮುಗಿಯುವವರೆಗೂ ರೆಪ್ಪೆ ಮಿಟುಕಿಸದೆ ಕೇಳಿ ಹೋಗುತ್ತಿದ್ದ. “ನಿಮ್ಮ ತಮ್ಮ ಬಂದ್ರು,” ಎಂದು ಟಿಕೆಟ್ ಅಕ್ಕ ಮೊದಮೊದಲು ನಗುತ್ತ ಹೇಳುತ್ತಿದ್ದಳು. ಆಮೇಲೆ ಸುಮ್ಮನೆ ಹೇಳತೊಡಗಿದಳು.

ಒಂದು ಮಧ್ಯಾಹ್ನ ಅವನು ಏಣಿಯ ಪಕ್ಕ ಬಂದು ನಿಂತ. “ಅಣ್ಣ, ಊಟ ಆಯ್ತಾ?”

ಬಸ್ ನಿಲ್ದಾಣದ ಹಿಂದೆ ಬೀಗ ರಿಪೇರಿ ಅಂಗಡಿಯಂತೆ. ಬೆಳೆದದ್ದು ಅನಾಥಾಲಯದಲ್ಲಿ. “ನಂಗೆ ಯಾರೂ ಇಲ್ಲ ಅಂತಲೇ ಹೇಳಿಬಿಟ್ಟಿದ್ರು,” ಎಂದ.

ಇದು ಆಟ ಕಣಪ್ಪ ಎಂದು ಹೇಳಲು ಅದಕ್ಕಿಂತ ಒಳ್ಳೆ ಗಳಿಗೆ ಸಿಗುತ್ತಿರಲಿಲ್ಲ. ಮೇಷ್ಟ್ರು ಬಾಯಿ ತೆರೆದದ್ದೂ ಅದಕ್ಕೇ. ಆದರೆ ಅಂಥ ಕೇಳುಗ ಎದುರಿಗಿದ್ದರೆ ಅವರ ನಾಲಿಗೆ ಅವರ ಮಾತು ಕೇಳುತ್ತಿರಲಿಲ್ಲ.

“ಇಲ್ಲ ಅಂದೋರು ಯಾರು? ನಮ್ಮಪ್ಪ ಹಡಗಿನಲ್ಲಿದ್ದೋರು. ಯಾವ ದಡದಲ್ಲಿ ಇಳಿದ್ರೋ, ಯಾರ ಮನೇಲಿ ಉಂಡ್ರೋ, ಏನು ಬಿಟ್ಟು ಬಂದ್ರೋ, ಸಮುದ್ರಕ್ಕೇ ಗೊತ್ತು.”

ಮೇಷ್ಟ್ರ ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದರು.

ಬೀಗದವನು ತಲೆಯಾಡಿಸಿದ. “ಹಾಗಾದ್ರೆ ಅಮ್ಮನ್ನ ನೋಡ್ಬೇಕು,” ಎಂದ. ಮೇಷ್ಟ್ರು ನಕ್ಕರು.

ಆಮೇಲೆ ಅವನು ಭವನಕ್ಕೆ ಬರುವುದನ್ನು ನಿಲ್ಲಿಸಿದ. ಒಂದು ದಿನ, ಎರಡು ದಿನ, ಒಂದು ವಾರ. “ಪೀಡೆ ತೊಲಗಿತು ಕಣಮ್ಮ,” ಎಂದು ಟಿಕೆಟ್ ಅಕ್ಕನಿಗೆ ಹೇಳಿ, ಸಂಜೆ ಸಿಳ್ಳೆ ಹಾಕುತ್ತ ಮನೆಗೆ ಹೋದರೆ, ಬಾಗಿಲ ಬಳಿ ಎಣ್ಣೆಯ ವಾಸನೆ ಬಂತು.

ಮನೆಯಲ್ಲಿದ್ದದ್ದು ಮೇಷ್ಟ್ರು ಮತ್ತು ಅವರ ಅಮ್ಮ, ಇಬ್ಬರೇ. ಮೇಷ್ಟ್ರಿಗೆ ಮದುವೆ ಆಗಿರಲಿಲ್ಲ. ಒಪ್ಪಿದ್ದ ಎರಡು ಹೆಣ್ಣುಗಳ ತಂದೆಯರು ಒಂದೇ ಬಸ್ಸಿನಲ್ಲಿ ಪಕ್ಕಪಕ್ಕ ಕೂತು, ಹುಡುಗನ ಕೆಲಸ ಏನು ಅಂತ ಮಾತಾಡಿಕೊಂಡುಬಿಟ್ಟಿದ್ದರು. ಒಬ್ಬರಿಗೆ ಹೇಳಿದ ಕೆಲಸವನ್ನು ಮೇಷ್ಟ್ರು ಇನ್ನೊಬ್ಬರಿಗೆ ಹೇಳಿರಲಿಲ್ಲ. ಅಮ್ಮನ ಕೋಣೆಯಲ್ಲಿ ಒಂದು ಅಲಮಾರು ಇತ್ತು. ಅಪ್ಪ ಹೋದಾಗ ಬೀಗ ಹಾಕಿದ್ದು, ಕೀಲಿಕೈ ಕಳೆದದ್ದು. ತೆಗೆಸಿಕೊಡು ಅಂತ ಅಮ್ಮ ಕೇಳಿದಾಗಲೆಲ್ಲ ಮೇಷ್ಟ್ರು ಒಂದು ಹೊಸ ಕಥೆ ಕೊಟ್ಟಿದ್ದರು.

ಆ ಅಲಮಾರು ಈಗ ಬಾಯಿ ತೆರೆದು ನಿಂತಿತ್ತು. ಒಳಗೆ ಎರಡು ಹ್ಯಾಂಗರು ಬಿಟ್ಟರೆ ಏನೂ ಇರಲಿಲ್ಲ. ಅಮ್ಮ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಒಳಗೇ ನೋಡುತ್ತಿದ್ದಳು. ಅವಳ ಕಾಲ ಬಳಿ ಬೀಗದವನು ಕಾಫಿ ಕುಡಿಯುತ್ತಿದ್ದ.

“ಕಣ್ಮುಚ್ಚಿ ತೆಗೆಯೋದ್ರೊಳಗೆ ಬಿಚ್ಚಿಬಿಟ್ಟ ಕಣೋ,” ಎಂದಳು ಅಮ್ಮ. “ಒಂದು ವಾರದಿಂದ ದಿನಾ ಬರ್ತಾನೆ. ಅಣ್ಣಂಗೆ ಹೇಳ್ಬೇಡಿ, ಬೈತಾರೆ ಅಂದ. ಯಾಕೆ ಬೈತೀಯ?”

“ಯಾರು ಅಂತ ಹೇಳ್ದ?”

“ಏನೋ ಮಣಿ, ಏನೋ ದಾರ, ಹಡಗು. ಹಡಗಂತೆ. ನಿಮ್ಮಪ್ಪ ಬಕೆಟ್ ನೀರಿಗೂ ಹೆದರೋರು. ಇದು ನನ್ನ ಮಗನ ಬಾಯಿಂದಲೇ ಬಂದಿದ್ದು ಅಂತ ಆಗಲೇ ಗೊತ್ತಾಯ್ತು.” ಅವಳು ಬೀಗದವನ ಕಡೆ ನೋಡಿದಳು. “ಇನ್ನೊಂದು ಲೋಟ ಕುಡೀತೀಯೇನೋ?”

ಅಮ್ಮ ಒಂದು ಮಾತನ್ನೂ ನಂಬಿರಲಿಲ್ಲ. ನಂಬುವ ಅಗತ್ಯವೂ ಬಿದ್ದಿರಲಿಲ್ಲ.

ಆಮೇಲೆ ಮನೆಯಲ್ಲಿ ಮುಚ್ಚಿಕೊಳ್ಳದ ಕಿಟಕಿ ಮುಚ್ಚಿಕೊಂಡಿತು, ಕಿರುಗುಟ್ಟುತ್ತಿದ್ದ ಬಾಗಿಲು ಸದ್ದು ಬಿಟ್ಟಿತು. ಆ ಕಿರುಗುಟ್ಟುವಿಕೆಯಿಂದಲೇ ಮೇಷ್ಟ್ರಿಗೆ ಯಾರು ಬಂದರು, ಯಾರು ಹೋದರು ಎಂದು ತಿಳಿಯುತ್ತಿತ್ತು. ಈಗ ತಲೆ ಎತ್ತಿದರೆ ಅವನು ಅಲ್ಲಿ ನಿಂತಿರುತ್ತಿದ್ದ. ಬಚ್ಚಲಲ್ಲಿ ಮೂರನೆಯ ಹಲ್ಲುಜ್ಜುವ ಬ್ರಷ್ ಬಂತು. ಪಕ್ಕದ ಮನೆಯವಳ ಜೊತೆ ಮಾತಾಡುತ್ತ ಅಮ್ಮ “ನಮ್ಮ ಚಿಕ್ಕೋನು” ಅಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಒಂದು ಸಂಜೆ ಮೇಷ್ಟ್ರ ಹಾಸಿಗೆ ಹೊರಗಿನ ಕೋಣೆಗೆ ಬಂದಿತ್ತು.

“ಅವನಿಗೆ ಬೆನ್ನು ನೋವಂತೆ ಕಣೋ,” ಎಂದಳು ಅಮ್ಮ. “ನೀನು ಎಲ್ಲಿ ಬಿದ್ರೂ ಗೊರಕೆ ಹೊಡೀತೀಯ.”

ಟಿಕೆಟ್ ಅಕ್ಕ ಇದನ್ನೆಲ್ಲ ಕೇಳಿ, “ಪೊಲೀಸರಿಗೆ ಹೇಳಿ ಮೇಷ್ಟ್ರೇ,” ಎಂದಳು.

“ಏನಂತ ಹೇಳ್ಲಿ? ಅಲಮಾರು ಬಿಚ್ಚಿಕೊಟ್ಟ ಅಂತ ಹೇಳ್ಲಾ?”

“ಇದು ನಿಜ ತಾನೇ? ನೀವು ಕಟ್ಟಿದ್ದಲ್ಲ ತಾನೇ?” ಎಂದು ಅವಳು ಅವರ ಮುಖವನ್ನೇ ನೋಡಿದಳು. ಮೇಷ್ಟ್ರು ಒಳಗೆ ಹೋದರು. ಈಗೀಗ ಅವರು ಪುಸ್ತಕದಲ್ಲಿದ್ದಷ್ಟೇ ಪಾಠ ಹೇಳುತ್ತಿದ್ದರು. ಯಾರ ದಾರವನ್ನೂ ಮುಟ್ಟುತ್ತಿರಲಿಲ್ಲ. ಮಕ್ಕಳು ಆಕಳಿಸುತ್ತಿದ್ದವು.

ಅವತ್ತು ಸಂಜೆ ಬಾಗಿಲಿಗೆ ಕೀಲಿಕೈ ಹಾಕಿದರೆ ಅದು ಒಳಗೇ ಹೋಗಲಿಲ್ಲ. ತಿರುಗಿಸಿ ಹಾಕಿದರು, ಒರೆಸಿ ಹಾಕಿದರು. ಆಗ ನೋಡಿದರು: ಬಾಗಿಲು ಅದೇ, ಬೀಗ ಬೇರೆ, ಹೊಳೆಯುತ್ತಿತ್ತು. ಬಾಗಿಲು ಸದ್ದಿಲ್ಲದೆ ಒಳಗಿನಿಂದ ತೆರೆಯಿತು.

“ಹಳೇದು ಸವೆದಿತ್ತು ಅಣ್ಣ. ಯಾರು ಬೇಕಾದ್ರೂ ಒಳಗೆ ಬರಬಹುದಿತ್ತು. ಬದಲಾಯಿಸ್ದೆ,” ಎಂದ ಬೀಗದವನು.

“ನನ್ನ ಕೀ?”

“ಅಮ್ಮನ ಹತ್ರ ಒಂದಿದೆ, ನನ್ನ ಹತ್ರ ಒಂದು. ನಿಮ್ಗೂ ಒಂದು ಉಜ್ಜಿ ಕೊಡ್ತೀನಿ. ಅವಸರ ಏನಿಲ್ವಲ್ಲ?”

ಮೇಷ್ಟ್ರು ಹೊಸ್ತಿಲ ಹೊರಗೇ ನಿಂತರು. “ನೋಡಪ್ಪ. ಆ ಗುಂಡಿ ನನ್ನ ಕೋಟಿಂದು. ನಿನ್ನ ದಾರಕ್ಕೆ ನಾನೇ ಜಾರಿಸಿದ್ದು. ದಿನಾ ಒಬ್ಬರಿಗೆ ಮಾಡ್ತಿದ್ದೆ. ಅದು ಪಾಠದ ಕೊನೇಲಿ ನಗಿಸೋಕೆ.”

“ಗೊತ್ತು.”

“ಏನು ಗೊತ್ತು?”

“ಎಡಗೈ, ಉಂಗುರದ ಬೆರಳ ಸಂದಿ. ಅವತ್ತೇ ನೋಡ್ದೆ. ಬೀಗದವನಿಗೆ ಕೈ ನೋಡೋದೇ ಕಸುಬು ಅಣ್ಣ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಕೋಣೆ ತುಂಬ ಜನ ಇದ್ರು. ನೀವು ಒಬ್ಬೊಬ್ಬರ ಮುಖಾನೂ ನೋಡ್ತಾ ಬಂದ್ರಿ. ನೋಡಿ ನೋಡಿ, ನನ್ನ ದಾರಕ್ಕೇ ಹಾಕಿದ್ರಿ. ಅನಾಥಾಲಯಕ್ಕೂ ಜನ ಬರೋರು, ಸಾಲಾಗಿ ನಿಲ್ಲಿಸೋರು. ಒಬ್ರೂ ನನ್ನ ಹತ್ರ ನಿಂತಿರ್ಲಿಲ್ಲ.”

ಮೇಷ್ಟ್ರು ಹಳೆಯ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡರು.

“ಅಮ್ಮನಿಗೆ ಹೇಳ್ಬೇಕು ಅನ್ಸಿದ್ರೆ ಹೇಳಿ. ನಾನೇನು ಬೇಡ ಅನ್ನಲ್ಲ. ಆದ್ರೆ ನೀವು ಹೇಳಿದ್ರೆ ಅವರು ನಂಬ್ತಾರಾ?” ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ ಅವನು ಕೇಳಿದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. “ಒಳಗೆ ಬನ್ನಿ. ಬಾಗಿಲು ತೆಗೆದಿಟ್ರೆ ಸೊಳ್ಳೆ ಬರುತ್ತೆ.”

ಮಾರನೆಯ ಸಂಜೆ ಯಾರದೋ ಅಂಗಡಿಯ ಷಟರ್ ಸಿಕ್ಕಿಕೊಂಡಿದೆ ಎಂದು ಅವನು ಹೊರಗೆ ಹೋಗಿದ್ದ. ಅಮ್ಮ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಮೇಷ್ಟ್ರು ಎದುರಿಗೆ ಕೂತರು.

“ಅಮ್ಮ, ಒಂದು ವಿಷ್ಯ ಹೇಳ್ಬೇಕು.”

“ಉದ್ದ ಇದೆಯಾ? ಬಟಾಣಿ ಮುಗಿಯೋದ್ರೊಳಗೆ ಮುಗಿಸು.”

“ಆ ಹುಡುಗನಿಗೂ ನಮ್ಗೂ ಏನೂ ಸಂಬಂಧ ಇಲ್ಲ.”

“ಹೂಂ.”

“ಅವನಿಗೂ ಅದು ಗೊತ್ತು. ಗೊತ್ತಿದ್ದೇ ಬಂದಿದ್ದಾನೆ.”

“ಹೂಂ.”

ಚಿಕ್ಕಂದಿನಲ್ಲಿ ಮೇಷ್ಟ್ರು ಹೇಳಿದ ಎಲ್ಲ ಕಥೆಗೂ ಅವಳೇ ಹೂಂಗುಟ್ಟಿದವಳು. ಹುಲಿ ಬಂದಾಗ ಒಂದು ಥರ, ಹುಲಿ ಹೋದಾಗ ಒಂದು ಥರ. ಈಗ ಅವರು ಮಣಿಯ ಬಟ್ಟಲಿನಿಂದ ಶುರುಮಾಡಿದರು. ಬಣ್ಣ ಯಾವುದು, ದಾರ ಎಷ್ಟುದ್ದ, ಗುಂಡಿಯನ್ನು ಎಲ್ಲಿ ಅಡಗಿಸುವುದು, ಯಾವಾಗ ಜಾರಿಸುವುದು. ಹೆಚ್ಚಿಲ್ಲ, ಕಡಿಮೆಯಿಲ್ಲ, ನಡೆದದ್ದು ನಡೆದ ಹಾಗೆ. ಕೇಳುಗ ಎಲ್ಲಿ ಕೈ ಜಾರುತ್ತಾನೆ ಅನ್ನುವುದು ಕಸುಬಿನವರಿಗೆ ತಿಳಿಯುತ್ತದೆ. ಕೋಟಿನ ಹತ್ತಿರ ಬರುವಾಗ ಅಮ್ಮನ ಹೂಂ ತಡವಾಯಿತು. ಅಂಚೆ ಕಚೇರಿಯ ಹತ್ತಿರ ಬರುವಾಗ ಅವಳ ಕಣ್ಣು ಕಿಟಕಿಯಾಚೆ ಇತ್ತು. ಇಲ್ಲೊಂದು ಆನೆಯನ್ನು ತಂದು ನಿಲ್ಲಿಸಿದರೆ ತಿರುಗಿ ನೋಡುತ್ತಾಳೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ತರಲಿಲ್ಲ.

“ನಂಗೆ ಅವನನ್ನ ಕಂಡ್ರೆ ಭಯ ಆಗ್ತಿದೆ ಅಮ್ಮ. ರಾತ್ರಿ ಮಲಗಿದಾಗ ಬಾಗಿಲಲ್ಲಿ ನಿಂತು ನನ್ನನ್ನೇ ನೋಡ್ತಿರ್ತಾನೆ. ನಾನು ಎಚ್ಚರವಾಗೇ ಇರ್ತೀನಿ. ಅವನು ಏನೂ ಮಾಡಲ್ಲ, ಸುಮ್ನೆ ಕಾಯ್ತಿರೋ ಥರ ನಿಂತಿರ್ತಾನೆ. ಅದಕ್ಕೇ ಹೇಳ್ತಿರೋದು, ಇವತ್ತು ಅವನು ಬಂದ್ಮೇಲೆ ನೀನೇ ಒಂದು ಮಾತು, ನೀನು ಹೇಳಿದ್ರೆ ಅವನು…”

ಹೊಸ ಬೀಗದಲ್ಲಿ ಕೀಲಿಕೈ ತಿರುಗಿತು. ಅಮ್ಮ ಪಾತ್ರೆಯನ್ನು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಅವರನ್ನು ದಾಟಿಕೊಂಡು ಒಳಗೆ ಹೋದಳು.

ಮೇಷ್ಟ್ರು ಖಾಲಿ ಕುರ್ಚಿಯ ಎದುರು ಕೂತೇ ಇದ್ದರು. ಅಡುಗೆಮನೆಯಲ್ಲಿ ಊಟದ ತಟ್ಟೆ ಇಟ್ಟ ಸದ್ದಾಯಿತು. ಇನ್ನೊಂದು ಇಟ್ಟ ಸದ್ದಾಯಿತು. ಮೂರನೆಯದಕ್ಕೆ ಅವರು ಕಿವಿಗೊಟ್ಟು ಕಾದರು.