ಇವರು ನಿಮಗೆ ಗೊತ್ತಿರಬಹುದು

ಅಮ್ಮನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ನಾವೆಲ್ಲ ಆಡಿಕೊಳ್ಳುತ್ತಿದ್ದೆವು. ಆದರೆ ಅಕ್ಕ ಗಂಡನ ಏಟು ತಾಳಲಾರದೆ ಬೇರೆ ಊರಿಗೆ ಹೋಗಿ, ಹೊಸ ನಂಬರನ್ನು ಅಮ್ಮನಿಗೂ ನನಗೂ ಮಾತ್ರ ಕೊಟ್ಟಾಗ, ಅದೇ ಅಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಭಾವ ಮನೆಗೆ ಬಂದು ಅತ್ತ, ಆಮೇಲೆ ಗದರಿದ. "ನನಗೇನೂ ಗೊತ್ತಿಲ್ಲಪ್ಪ" ಎಂದು ಅಮ್ಮ ಬಟ್ಟೆ ಮಡಿಸುತ್ತಲೇ ಇದ್ದಳು.

ಕೊನೆಗೆ ಬಾಯಿಬಿಟ್ಟದ್ದು ಅವಳ ಫೋನು. ಅದರಲ್ಲಿದ್ದ ಮೆಸೇಜ್ ಆ್ಯಪ್ ನಮ್ಮ ಕಂಪನಿಯದೇ. ನಾನು ಅಲ್ಲಿ ಬಳಕೆದಾರರ ದೂರುಗಳಿಗೆ ಉತ್ತರ ಬರೆಯುವವಳು. ಅಮ್ಮನ ಫೋನಿನ ನಂಬರುಗಳನ್ನೆಲ್ಲ ಆ್ಯಪ್ ಹೊತ್ತೊಯ್ದಿತ್ತು. ಅವುಗಳಲ್ಲಿ ಅಕ್ಕನದೂ ಇತ್ತು, ಭಾವನದೂ ಇತ್ತು. ಇಬ್ಬರೂ ಪರಿಚಿತರಿರಬೇಕೆಂದು ಲೆಕ್ಕ ಹಾಕಿ, ಅದು ಅಕ್ಕ ಅದೇ ಆ್ಯಪಿನಲ್ಲಿ ಹಾಕಿಕೊಂಡಿದ್ದ ಫೋಟೊವನ್ನು ಭಾವನಿಗೆ ತೋರಿಸಿತು: ಇವರು ನಿಮಗೆ ಗೊತ್ತಿರಬಹುದು. ಫೋಟೊದಲ್ಲಿ ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಬೋರ್ಡೂ, ಅದರಲ್ಲಿ ಊರಿನ ಹೆಸರೂ ಇತ್ತು. ಮರುದಿನವೇ ಅವನು ಅಂಗಡಿಯೆದುರು ನಿಂತಿದ್ದ. ಅಕ್ಕ ಹಿಂಬಾಗಿಲಿನಿಂದ ಓಡಿದಳು.

ನಾನು ಮ್ಯಾನೇಜರ್ ಬಳಿ ಹೋದೆ. ಕೆಟ್ಟ ಮನುಷ್ಯರಲ್ಲ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕಂಪ್ಯೂಟರಿನಲ್ಲಿ ಅಮ್ಮನ ಖಾತೆಯನ್ನೇ ತೆರೆದರು. ತೆರೆಯಲೇ ಎಂದು ನನ್ನನ್ನೂ ಕೇಳಲಿಲ್ಲ.

"ನಿಮ್ಮ ತಾಯಿ ಒಪ್ಪಿಗೆ ಕೊಟ್ಟಿದ್ದಾರಲ್ಲಮ್ಮ, ನೋಡಿ."

"ಅಮ್ಮ ಒಪ್ಪಿಗೆ ಕೊಟ್ರು ಸರ್. ಅಕ್ಕನನ್ನ ಯಾರು ಕೇಳಿದ್ರು?"

"ನಿಯಮದ ಪ್ರಕಾರ ನಮ್ಮ ತಪ್ಪೇನೂ ಇಲ್ಲ. ದಿನಾ ನೀವೇ ಬರೆಯೋ ಉತ್ತರ ಅಲ್ವಾ ಇದು?"

ಮೈಯೆಲ್ಲ ಉರಿದುಹೋಯಿತು. "ಕಳ್ಳನಿಗೆ ಮನೆ ತೋರಿಸಿಬಿಟ್ಟು, ಬಾಗಿಲು ಒಡೆದಿದ್ದು ನಾನಲ್ಲ ಅಂದ ಹಾಗಾಯ್ತು" ಎಂದೆ.

ಅವರು ಅಮ್ಮನ ಖಾತೆಯನ್ನು ಮುಚ್ಚಿದರು. ಮೀಟಿಂಗಿನಲ್ಲಿ ವಿಷಯ ಎತ್ತುತ್ತೇನೆ ಎಂದರು. ಹೊಸಬರು ಸೇರುತ್ತಿರುವುದೇ ಪರಿಚಿತರನ್ನು ತೋರಿಸುವ ಆ ಸೌಲಭ್ಯದಿಂದ, ಹಾಗಾಗಿ ತೆಗೆಸುವುದು ಕಷ್ಟ ಎಂದೂ ಹೇಳಿದರು. ನಾನು ದೂರನ್ನು ನನ್ನ ಹೆಸರಿನಲ್ಲೇ ಬರೆದು ಮೇಲಿನವರಿಗೆ ಕಳಿಸಿದೆ. ಕೆಲಸ ಹೋದರೆ ಹೋಗಲಿ ಅನ್ನಿಸಿತು.

ಅಕ್ಕ ಇನ್ನೊಂದು ಊರಿಗೆ ಹೋದಳು. ನಂಬರನ್ನೂ ಬದಲಿಸಿದಳು. "ಅಮ್ಮನಿಗೆ ಮಾತ್ರ ಕೊಡ್ಬೇಡ ಕಣೇ" ಎಂದಳು.

ಅಮ್ಮ ಆ್ಯಪನ್ನು ತೆಗೆಸಿಹಾಕಿದ್ದಳು. ಅಡುಗೆಮನೆಯಲ್ಲಿ ನನ್ನ ಎದುರು ಕೂತು ಕೇಳಿದಳು.

"ನಾನು ಯಾರಿಗೂ ಹೇಳಿರಲಿಲ್ಲ. ಅದು ಅವಳಿಗೆ ಗೊತ್ತಲ್ವಾ?"

"ಗೊತ್ತಮ್ಮ."

"ಹಾಗಾದ್ರೆ ಹೊಸ ನಂಬರ್ ಹೇಳು. ಫೋನಿಗೆ ಹಾಕಲ್ಲ, ಬಾಯಿಪಾಠ ಮಾಡ್ಕೋತೀನಿ."

ನಾನು ಹೇಳಲಿಲ್ಲ.