ಒಳಕೋಣೆಯ ಗುಡ್ಡ

ಆ ಮನೆಯಲ್ಲಿ ಒಬ್ಬರದು ಅಳೆಯುವ ಕೆಲಸ, ಇನ್ನೊಬ್ಬರದು ತೂಗುವ ಕೆಲಸ. ಹೆಂಡತಿ ಒಳಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಹೆದ್ದಾರಿ ಪಕ್ಕದ ವೇಬ್ರಿಡ್ಜಿನಲ್ಲಿ ಲಾರಿಗಳನ್ನು ತೂಗುತ್ತಿದ್ದ. ಹೀಗಿದ್ದೂ ಇಷ್ಟು ವರ್ಷಗಳ ಸಂಸಾರದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಳೆದು ತೂಗುವ ಗೋಜಿಗೆ ಹೋಗಿರಲಿಲ್ಲ. ಬಹುಶಃ ಅದಕ್ಕೇ ಸಂಸಾರ ನೆಟ್ಟಗೆ ನಡೆದಿತ್ತು.

ಅವಳಿಗೆ ಸೈಕಲ್ಲೆಂದರೆ ಪ್ರಾಣ. ಪೇಟೆಯಿಂದ ಗುಂಡಿ, ದಾರ, ಅಸ್ತರು ತರುವುದಕ್ಕೂ, ಹೊಲಿದದ್ದನ್ನು ಮನೆಮನೆಗೆ ಕೊಟ್ಟು ಬರುವುದಕ್ಕೂ ಸೈಕಲ್ಲೇ ಆಗಬೇಕು. ಹೋದ ವರ್ಷ ಕಿವಿಯೊಳಗೆ ಏನೋ ಸೋಂಕಾಗಿ, ನಡುರಸ್ತೆಯಲ್ಲಿ ಲೋಕವೆಲ್ಲ ಬುಗುರಿಯಂತೆ ತಿರುಗಿ ಬಿದ್ದುಬಿಟ್ಟಳು. ಸುದ್ದಿ ತಿಳಿದ ಗಂಡ ತೂಗುತ್ತಿದ್ದ ಲಾರಿಯನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಓಡಿಬಂದು ಅವಳನ್ನು ಎತ್ತಿಕೊಂಡ. ಆಮೇಲೆ ಕಿವಿ ವಾಸಿಯಾಯಿತು. ಸೈಕಲ್ ಹೊಡೆಯಬಹುದು ಎಂದು ಡಾಕ್ಟರೂ ಹೇಳಿದರು. ಆದರೆ ಗಂಡನ ಹೆದರಿಕೆ ಮಾತ್ರ ವಾಸಿಯಾಗಲಿಲ್ಲ. ಸೈಕಲ್ಲು ಒಳಕೋಣೆಯ ಗೋಡೆಗೆ ಒರಗಿ, ಹೊಲಿದು ಮುಗಿದ ಬಟ್ಟೆ ನೇತುಹಾಕುವ ಗೂಟವಾಯಿತು.

ಹೀಗಿರುವಾಗ ತಂಗಿಯ ಫೋನು ಬಂತು.

"ಅಕ್ಕಾ, ಚಳಿ ಶುರುವಾಗೋಕೆ ಮುಂಚೆ ಬರ್ತಿದೀನಿ. ಸೈಕಲ್ಲೂ ತರ್ತೀನಿ. ಚಿಕ್ಕಂದಿನಿಂದ ಅಂದುಕೊಂಡ ಹಾಗೆ ಗುಡ್ಡ ಹತ್ತಿ ಆ ಕಡೆ ಕೆರೆಗೆ ಇಳಿದುಬಿಡೋಣ."

"ಈಗೆಲ್ಲಿ ಆಗುತ್ತೇ ಅದು?"

"ಮೊದಲು ನಿನ್ನ ಮದುವೆ ಅಂದೆ. ಆಮೇಲೆ ಮಕ್ಕಳು ಅಂದೆ. ಆಮೇಲೆ ಅಮ್ಮ ಹಾಸಿಗೆ ಹಿಡಿದ್ಲು. ನಾನೂ ಏನೇನೋ ಅಂದೆ ಬಿಡು. ಆದ್ರೆ ಈ ಸಲ ನೀನು ಬರದಿದ್ರೆ ಒಬ್ಬಳೇ ಹೋಗ್ತೀನಿ ಅಕ್ಕಾ. ಇನ್ನು ಕೇಳಲ್ಲ." ತಂಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇವಳಿಗೆ ಅಷ್ಟು ನಾಟುತ್ತಿರಲಿಲ್ಲ.

ಗಂಡ ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಲಾರಿಗಳೇ ಏದುಸಿರು ಬಿಡೋ ಗುಡ್ಡ ಅದು. ಬೇಕಾದ್ರೆ ಮನೆ ಒಳಗೇ ಹತ್ತಿ ತೋರಿಸು. ಆಮೇಲೆ ನೋಡೋಣ."

ಅವನು ತಮಾಷೆಗೆ ಅಂದದ್ದು. ಇವಳು ಅದನ್ನು ಗಂಟು ಹಾಕಿಕೊಂಡಳು.

ಸೈಕಲ್ ಅಂಗಡಿಯನ್ನು ನಡೆಸುತ್ತಿದ್ದವಳೂ ಒಬ್ಬ ಹೆಂಗಸೇ. ಉಗುರಿನ ಸಂದಿಯ ಗ್ರೀಸು ಒರೆಸಿಕೊಳ್ಳುತ್ತ, ಮನೆಯೊಳಗೇ ಸೈಕಲ್ ತುಳಿಯಲು ಬಳಸುವ ಟ್ರೇನರುಗಳನ್ನು ಒಂದೊಂದಾಗಿ ತೋರಿಸಿದಳು. ಬರೀ ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವುದೊಂದು. ತಲೆ ಸುತ್ತಿ ಬಿದ್ದವರಿಗೆ ಅದು ಬೇಡವೇ ಬೇಡ. ಹಿಂದಿನ ಚಕ್ರ ಬಿಚ್ಚಿ ಚೈನನ್ನು ನೇರವಾಗಿ ಯಂತ್ರಕ್ಕೇ ಹಾಕುವುದು ಇನ್ನೊಂದು. ಸದ್ದಿಲ್ಲ, ಕರಾರುವಾಕ್ಕು, ಬೆಲೆ ಮಾತ್ರ ಕೇಳುವ ಹಾಗಿಲ್ಲ. ಮೂಲೆಯಲ್ಲಿದ್ದ ಮಡಚುವ ಕಾಲಿನ ಮೂರನೆಯದರ ಮುಂದೆ ಇಬ್ಬರೂ ಕೂತರು.

"ಇದರಲ್ಲಿ ಚಕ್ರ ಬಿಚ್ಚೋ ತಾಪತ್ರಯ ಇಲ್ಲ ಅಕ್ಕಾ. ಹಿಂದಿನ ಚಕ್ರ ಈ ಉರುಳೆ ಮೇಲೆ ಒತ್ತಿಕೊಂಡು ತಿರುಗುತ್ತೆ. ಫೋನಿನ ಆ್ಯಪಲ್ಲಿ ರಸ್ತೆ ಓಡುತ್ತೆ, ಅದರಲ್ಲಿ ಏರು ಬಂದ್ರೆ ಇಲ್ಲಿ ನಿಮ್ಮ ತೂಕಕ್ಕೆ ತಕ್ಕಷ್ಟು ತಾನಾಗೇ ಬಿಗಿಯಾಗುತ್ತೆ, ಇಳಿಜಾರಾದ್ರೆ ಸಡಿಲ. ಸ್ಮಾರ್ಟ್ ಅನ್ನೋದು ಅದಕ್ಕೇ."

"ಅಗ್ಗ ಅಂದ್ರೆ ಏನೋ ಕೊರತೆ ಇರಬೇಕಲ್ಲ?"

"ಇದೆ. ಸ್ವಲ್ಪ ಗಲಾಟೆ. ತೀರಾ ಕಡಿದಾದ ಏರು ಇದಕ್ಕೆ ಗೊತ್ತಾಗಲ್ಲ. ನಿಮ್ಮ ಗುಡ್ಡಕ್ಕೆ ಸಾಕು. ಪ್ರತಿ ಸಲ ಟೈರಿಗೆ ಒಂದೇ ಹದಕ್ಕೆ ಗಾಳಿ ಹೊಡೀಬೇಕು. ಮೊದಲು ಸ್ವಲ್ಪ ಹೊತ್ತು ತುಳಿದು ಬಿಸಿ ಮಾಡಿ, ಕಾಲು ನಿಲ್ಲಿಸಿ ಚಕ್ರ ತಾನಾಗೇ ನಿಲ್ಲೋಕೆ ಬಿಡಬೇಕು. ಆವಾಗ ಅದು ತನ್ನನ್ನ ತಾನೇ ಸರಿಮಾಡಿಕೊಳ್ಳುತ್ತೆ."

"ನಮ್ಮ ಮನೆಯವರ ಹಾಗೆ ಅನ್ನು. ಮೊದಲು ಬಿಸಿಯಾಗಿ ಆಮೇಲೆ ಸರಿಹೋಗೋದು."

ಅಂಗಡಿಯಾಕೆ ನಕ್ಕು ಅದನ್ನೇ ಕಟ್ಟಿಕೊಟ್ಟಳು. ಗುಡ್ಡದ ರಸ್ತೆಯನ್ನು ಫೋನಿನ ಆ್ಯಪಿಗೂ ಇಳಿಸಿಕೊಟ್ಟಳು.

ಮನೆಗೆ ಬಂದು ಬಟ್ಟೆಗಳನ್ನೆಲ್ಲ ಇಳಿಸಿ, ಸೈಕಲ್ಲಿನ ಹಿಂದಿನ ಚಕ್ರ ಟ್ರೇನರಿಗೆ ಬಿಗಿದದ್ದಾಯಿತು. ಗಂಡ ಗೊಣಗುತ್ತಲೇ ಕೆಳಗೆ ದಪ್ಪ ರಬ್ಬರಿನ ಚಾಪೆ ಹಾಸಿ, ಗಾಳಿಗೆ ಫ್ಯಾನು ತಿರುಗಿಸಿಕೊಟ್ಟು ಕೆಲಸಕ್ಕೆ ಹೋದ. ಅವಳು ಫೋನನ್ನು ಹೊಲಿಗೆ ಯಂತ್ರದ ಮೇಲೆ ನಿಲ್ಲಿಸಿದಳು. ಆ್ಯಪು ಕೇಳಿತು: ನಿಮ್ಮ ತೂಕ?

ಹೆಂಗಸರು ಬಾಯಲ್ಲಿ ಹೇಳುವ ಅಳತೆ ಅವಳ ಪಾಲಿಗೆ ಹಾಸ್ಯದ ವಿಷಯವಾಗಿತ್ತು. ಯಾರು ಎಷ್ಟು ಕಡಿಮೆ ಹೇಳುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ನಗುತ್ತಲೇ ಟೇಪು ಸುತ್ತಿ ನಿಜ ಹಿಡಿಯುತ್ತಿದ್ದಳು. ಅಂಥವಳ ಬೆರಳು ಈಗ ಹಿಂದೆಮುಂದೆ ನೋಡದೆ, ಮದುವೆಯ ವರ್ಷ ಅವಳಿದ್ದ ತೂಕವನ್ನು ಒತ್ತಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಯಂತ್ರಕ್ಕೆ ಟೇಪೂ ಇರಲಿಲ್ಲ.

ಆಮೇಲಿನ ಬೆಳಗುಗಳು ಬೇರೆಯದೇ ಲೋಕದವು. ಫ್ಯಾನಿನ ಗಾಳಿಗೆ ಸುತ್ತ ನೇತಾಡುವ ಅರೆಬರೆ ಉಡುಪುಗಳು ತೋಳು ಬೀಸುತ್ತಿದ್ದವು, ದಾರಿಯ ಇಕ್ಕೆಲದಲ್ಲಿ ನಿಂತು ಅವಳನ್ನು ಬೀಳ್ಕೊಡುವ ಹಾಗೆ. ಫೋನಿನಲ್ಲಿ ಹುಲ್ಲುಗಾವಲು ಸರಿದು, ಗುಡ್ಡ ತನ್ನ ಮೊದಲ ತಿರುವು ತೋರಿಸುತ್ತಿತ್ತು. ಸೈಕಲ್ಲು ಇದ್ದಲ್ಲೇ ಇದ್ದರೂ ಗೋಡೆ ಹಿಂದಕ್ಕೆ ಹೋಗುತ್ತಿತ್ತು, ಕಿಟಕಿ ಹಿಂದಕ್ಕೆ ಹೋಗುತ್ತಿತ್ತು, ಹೊಲಿಯದೆ ಉಳಿದ ಬಟ್ಟೆಯ ಗಂಟುಗಳು ಮೋಡಗಳಾಗಿ ಕೆಳಗೆ ಉಳಿಯುತ್ತಿದ್ದವು. ಪರದೆಯ ಮೇಲೆ ಒಬ್ಬಳು ಪುಟ್ಟ ಹೆಂಗಸು ಅವಳ ಬದಲಿಗೆ ಏರುತ್ತಿದ್ದಳು. ಹೆಂಗಸೇನು, ಹುಡುಗಿ. ಬೆನ್ನು ನೇರ, ಮೈಯಲ್ಲಿ ಗಾಳಿ. ಯಾರಿಗೂ ಎದೆಹಾಲೂಡಿಸಿದ ನೆನಪಿಲ್ಲದ, ಯಾರ ಹಾಸಿಗೆಯ ಪಕ್ಕದಲ್ಲೂ ಕೂತು ನಿದ್ದೆಗೆಡದ ಹುಡುಗಿ. ಅವಳ ಹಿಂದೆ ಹಿಂದೆ ಇವಳೂ ತೇಲಿಕೊಂಡು ಹೋಗುತ್ತಿದ್ದಳು. ಎಷ್ಟೋ ಸಲ ತುದಿ ಮುಟ್ಟಿ ಇಳಿದ ಮೇಲೂ ಪಾದಕ್ಕೆ ನೆಲದ ಗುರುತು ಸಿಗದೆ, ಹೊಲಿಗೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

"ಮನೇಲಿ ಏನಾದ್ರೂ ಗಿರಣಿ ಹಾಕಿದೀರೇನಮ್ಮಾ?" ಎಂದು ಕೆಳಗಿನ ಮನೆಯ ಮೇಷ್ಟ್ರು ಮೆಟ್ಟಿಲ ಬಳಿ ಕೇಳಿದರು.

"ಗುಡ್ಡ ಹತ್ತುತಾ ಇದೀನಿ ಮೇಷ್ಟ್ರೇ."

"ಹತ್ತಿ, ಹತ್ತಿ. ನಮ್ಮ ತಲೆ ಮೇಲೆ ಉರುಳದಿದ್ರೆ ಸಾಕು."

ಒಂದು ರಜೆಯ ದಿನ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ ಹತ್ತಿ ತೋರಿಸಿದಳು. ಕೊನೆಯ ತಿರುವಿನಲ್ಲಿ ಹಾಡೂ ಗುನುಗಿದಳು. ಅವನ ಕೈಯಲ್ಲಿದ್ದ ಟೀ ಆರಿಹೋಯಿತು.

"ಏನ್ರೀ, ಬಾಯೇ ಬಿಡ್ತಿಲ್ಲ?"

"ಹತ್ತಿದೆಯಲ್ಲ. ಹೋಗು. ನಾನು ವೇಬ್ರಿಡ್ಜಿನ ವ್ಯಾನ್ ತಗೊಂಡು ಹಿಂದೆ ಬರ್ತೀನಿ" ಎಂದ. ಆಮೇಲೆ ತಾನೇ ತಂಗಿಗೆ ಫೋನು ಮಾಡಿದ. ತಂಗಿ ಆ ಕಡೆ "ಭಾವಾ, ನೀವು ದೇವರು ಕಣ್ರೀ!" ಎಂದು ಕಿರುಚಿದ್ದು ಇವಳಿಗೂ ಕೇಳಿಸಿತು.

ಬಂದ ಗೆಲುವು ಎರಡು ದಿನವೂ ಪೂರ್ತಿ ನಿಲ್ಲಲಿಲ್ಲ. ಹಳೆಯ ಗಿರಾಕಿಯೊಬ್ಬಳು ಮೇಲಂಗಿಗೆಂದು ಬಟ್ಟೆ ತಂದು, ಟೇಪು ಹಿಡಿಯಲು ಹೋದರೆ ಕೈ ಅಡ್ಡ ಹಿಡಿದಳು.

"ಹಳೇ ಅಳತೇಲೇ ಹೊಲಿಯಿರಿ. ಅಷ್ಟರೊಳಗೆ ಇಳೀತೀನಿ."

"ಬಟ್ಟೆಗೆ ಕಾಯೋಕೆ ಬರಲ್ಲ ತಾಯೀ," ಎಂದಳು ಇವಳು, ಎಲ್ಲರಿಗೂ ಅನ್ನುವ ಹಾಗೇ. "ಅದಕ್ಕೆ ಇವತ್ತಿನ ಮೈ ಬೇಕು. ಹಳೇ ಅಳತೆಗೆ ಹೊಲಿದ್ರೆ ನಾಲ್ಕು ಜನರ ಮುಂದೆ ಕಂಕುಳಲ್ಲಿ ಹರಿಯುತ್ತೆ."

ಗಿರಾಕಿ ಸೋತು ಕೈ ಎತ್ತಿದಳು. ಟೇಪು ಸುತ್ತುತ್ತಿದ್ದ ಇವಳ ಕೈ ಅಲ್ಲೇ ನಿಂತಿತು. ಎದುರಿಗೆ ಸೈಕಲ್ಲು. ತನ್ನ ಮಾತು ಕೋಣೆಯನ್ನೊಂದು ಸುತ್ತು ಹಾಕಿ ತನ್ನ ಬೆನ್ನಿಗೇ ಬಂದು ಬಿದ್ದಂತಾಯಿತು. ಗುಡ್ಡದ ಮೇಲೆ, ತಂಗಿಯ ಕಣ್ಣೆದುರು, ಹರಿದರೆ?

ಸಂಜೆ ಗಂಡ ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದಳು: "ರೀ, ನಿಮ್ಮ ವೇಬ್ರಿಡ್ಜಲ್ಲಿ ನನ್ನ ತೂಗ್ತೀರಾ?"

"ಅದರ ಲೆಕ್ಕಕ್ಕೇ ನೀನು ಬರಲ್ಲ ಕಣೇ. ನೀನು ನಿಂತ್ರೂ ಒಂದೇ, ಮಳೆ ಹನಿ ಬಿದ್ರೂ ಒಂದೇ." ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. "ಯಾಕೆ?"

ಆ್ಯಪಿಗೆ ಒತ್ತಿದ ಸುಳ್ಳು ತೂಕದ ವಿಷಯ ಅವಳು ಹೇಳಿದಳು. ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವನಿಗೆ ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ.

"ಖಾಲಿ ಲಾರಿ ಏರೋ ಹಾಗೆ ಏರ್ತಿದ್ದೆ. ಅಂದೇ ಅನುಮಾನ ಬಂತು."

"ಬಾಯಿ ಬಿಟ್ಟು ಹೇಳೋದಲ್ವಾ?"

ಅವನು ಬಿಚ್ಚಿದ ಚಪ್ಪಲಿಯನ್ನು ಗೋಡೆಬದಿಗೆ ಸರಿಸಿದ. "ಬಿದ್ದಾಗಿನಿಂದ ನಿನ್ನ ಮುಖ ಹಾಗೆ ಅರಳಿದ್ದೇ ನೋಡಿರಲಿಲ್ಲ. ಆಗ ಹೋಗಿ ಲೋಡ್ ಎಷ್ಟು ಅಂತ ಕೇಳ್ಲಾ? ಹಿಂದೆ ವ್ಯಾನಲ್ಲಿ ನಾನು ಇದ್ದೇ ಇರ್ತೀನಲ್ಲ ಅಂದುಕೊಂಡೆ."

ಪಕ್ಕದ ಔಷಧದ ಅಂಗಡಿಯ ತೂಕದ ಯಂತ್ರದ ಮೇಲೆ ನಿಂತು ಬಂದಳು. ಮರುದಿನ ಬೆಳಗ್ಗೆ ಟೈರಿಗೆ ಗಾಳಿ ಹೊಡೆದು, ಚಕ್ರ ಬಿಸಿ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಕಾದು, ಇವತ್ತಿನ ತೂಕವನ್ನು ಆ್ಯಪಿಗೆ ಒತ್ತಿದಳು.

ಅದೇ ಹುಲ್ಲುಗಾವಲು, ಅದೇ ಮೊದಲ ತಿರುವು. ಆದರೆ ಏರು ಬಂದಾಗ ಉರುಳೆ ಚಕ್ರವನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲು ನೋಡಿದಳು, ಬಿಡಲಿಲ್ಲ. ಪರದೆಯ ಹುಡುಗಿ ಎಲ್ಲೋ ಇಳಿದುಹೋಗಿದ್ದಳು, ಹೇಳದೆ ಕೇಳದೆ. ಅವಳ ಜಾಗದಲ್ಲಿ ಏರುತ್ತಿದ್ದವಳಿಗೆ ಸೊಂಟವಿತ್ತು, ಹೊಟ್ಟೆಯಿತ್ತು, ಸೂಜಿಯ ಮೇಲೆ ಬಗ್ಗಿ ಬಗ್ಗಿ ದುಂಡಗಾದ ಬೆನ್ನಿತ್ತು. ಒಂದೊಂದು ತುಳಿತಕ್ಕೂ ಕಳೆದ ಕಾಲವೊಂದು ಕೆಳಗಿನಿಂದ ಎದ್ದು ಬಂದು ಅವಳ ಮೈಯೊಳಗೆ ಕೂತಂತಾಗುತ್ತಿತ್ತು: ದೊಡ್ಡವಳನ್ನು ಹೆತ್ತ ಚಳಿಗಾಲ, ಚಿಕ್ಕವನನ್ನು ಸೊಂಟದಲ್ಲಿಟ್ಟುಕೊಂಡೇ ಗುಂಡಿಗಳಿಗೆ ಕಾಜಾ ಹಾಕಿದ ಮಧ್ಯಾಹ್ನಗಳು, ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸಿದ ವರ್ಷಗಳು. ಎಲ್ಲರೂ ಬಂದು ಹತ್ತಿಕೊಂಡರು. ಯಾರನ್ನು ಇಳಿಸಲಿ ಎಂದು ನೋಡಿದರೆ, ಇಳಿಸುವಂಥವರು ಒಬ್ಬರೂ ಇರಲಿಲ್ಲ.

ಗುಡ್ಡದ ಅರ್ಧದಲ್ಲಿ, ಒಂಟಿ ಮರವಿರುವ ತಿರುವಿನಲ್ಲಿ, ಕಾಲು ನಿಂತೇಹೋಯಿತು. ಫ್ಯಾನಿನ ಸದ್ದೊಂದೇ ಉಳಿಯಿತು. ಹ್ಯಾಂಡಲಿನ ಮೇಲೆ ತಲೆಯಿಟ್ಟು, ಬೆವರು ಚಾಪೆಗೆ ತೊಟ್ಟಿಕ್ಕುವುದನ್ನು ನೋಡಿದಳು. ಇಷ್ಟು ದಿನ ಈ ಚಾಪೆ ಒಣಗಿಯೇ ಇತ್ತು ಎಂದು ಆಗ ಹೊಳೆಯಿತು.

ಆಮೇಲಿನ ದಿನಗಳಲ್ಲೂ ಅಷ್ಟೇ. ಮರದವರೆಗೆ, ಕೆಲವೊಮ್ಮೆ ಮರದ ನೆರಳು ದಾಟಿ ಚೂರು. ತುದಿ ಮಾತ್ರ ಸಿಗಲಿಲ್ಲ. ಕೊನೆಗೆ ತಂಗಿಗೆ ಫೋನು ಮಾಡಿದಳು.

"ನನ್ನಿಂದ ಅರ್ಧವೇ ಆಗೋದು ಕಣೇ. ಭಾವ ಹೇಳಿದ್ದು ಸುಳ್ಳು. ಅಲ್ಲ, ನಾನು ಮಾಡಿದ್ದು ಸುಳ್ಳು. ನೀನು ಬರೋದು ಬೇಡ ಅಂತಿದ್ರೆ..."

ಆ ಕಡೆ ತಂಗಿ ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅರ್ಧದಿಂದ ಮೇಲೆ ತಳ್ಳಿಕೊಂಡು ಹೋಗೋಣ," ಎಂದಳು ತಂಗಿ. "ಹತ್ತೋವಾಗ ಮಾತಾಡೋಕೆ ಉಸಿರಿರಲ್ಲ. ನನಗೆ ನಿನ್ನ ಹತ್ರ ಮಾತಾಡಬೇಕು ಅಕ್ಕಾ."

ತಂಗಿ ಬಂದಿಳಿದು, ಇಬ್ಬರೂ ಹೊರಟ ಬೆಳಗ್ಗೆ ಮಂಜಿತ್ತು. ಅಕ್ಕ ಸೈಕಲ್ಲನ್ನು ಮೆಟ್ಟಿಲಿಳಿಸಿ ಹತ್ತಿದೊಡನೆ ಅದು ಎಡಕ್ಕೂ ಬಲಕ್ಕೂ ವಾಲಿತು. ಅವಳು ಹ್ಯಾಂಡಲ್ ಬಿಗಿಹಿಡಿದಳು. ಕಿವಿಯ ಕಾಯಿಲೆಯೇ ಮರಳಿ ಬಂತು ಎಂದುಕೊಂಡಳು. ಒಳಕೋಣೆಯಲ್ಲಿ ಬಿಗಿದು ನಿಲ್ಲಿಸಿದ ಸೈಕಲ್ಲು ಒಮ್ಮೆಯಾದರೂ ವಾಲಿರಲಿಲ್ಲ. ಸೈಕಲ್ಲೆಂದರೆ ವಾಲುವುದು ಎಂಬುದೇ ಅವಳಿಗೆ ಮರೆತುಹೋಗಿತ್ತು. ನಾಲ್ಕು ಮನೆ ದಾಟುವಷ್ಟರಲ್ಲಿ ಮೈಗೆ ನೆನಪಾಯಿತು.

ಒಂಟಿ ಮರದ ಹತ್ತಿರ ಇಳಿದರು. ತಳ್ಳುತ್ತ, ಅಮ್ಮನ ಕೊನೆಯ ದಿನಗಳಲ್ಲಿ ತಾನು ಬಂದು ಇರಲಾಗದ್ದನ್ನು ತಂಗಿ ಹೇಳಿದಳು. ಇವಳು ಕೇಳಿದಳು. ಕೇಳುತ್ತಲೇ ನಡುವೆ ಒಮ್ಮೆ ತಂಗಿಯ ಸೈಕಲ್ಲನ್ನೂ ಹಿಡಿದುಕೊಂಡಳು, ಅವಳು ಕಣ್ಣೊರೆಸಿಕೊಳ್ಳಲಿ ಎಂದು. ಹಿಂದೆ ಗಂಡನ ವ್ಯಾನು ಮಂಜಿನೊಳಗೆ ಎರಡು ದೀಪಗಳಾಗಿ ತೆವಳುತ್ತಿತ್ತು. ಎದುರು ಬಂದ ಲಾರಿಯ ಡ್ರೈವರು ಗುರುತು ಹಿಡಿದು ಅವನಿಗೆ ಕೂಗಿದ:

"ಏನಣ್ಣಾ, ಲೋಡ್ ಇಳಿಸಿಬಿಟ್ಯಾ?"

"ಇಳಿಸಿಲ್ಲ ಕಣಯ್ಯಾ! ಅದೇ ಹತ್ತುತಾ ಇದೆ ನೋಡು!"

ಅಕ್ಕ ತಂಗಿ ಇಬ್ಬರೂ ಒಟ್ಟಿಗೆ ನಕ್ಕರು. ನಕ್ಕದ್ದಕ್ಕೆ ಉಸಿರು ಸಿಕ್ಕಿಕೊಂಡು, ಹ್ಯಾಂಡಲ್ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತರು. ಮಂಜು ಅವರ ಮೊಣಕಾಲಿನವರೆಗೆ ಬಂದು, ತಡೆದು, ದಾರಿ ಬಿಟ್ಟಿತು. ತುದಿ ಇನ್ನೂ ಕಾಣುತ್ತಿರಲಿಲ್ಲ. ಅವಳಿಗೆ ಅವಸರವೂ ಇರಲಿಲ್ಲ.