ಮರಿಯಯ್ಯನ ಕರಿ ತಂತಿ

ನಂಜನಗೂಡಿನ ಆರ್ಕೆಸ್ಟ್ರಾದವರಿಗೆಲ್ಲ ಮರಿಯಯ್ಯನ ಬೇಸ್ ಗಿಟಾರ್ ಗೊತ್ತಿತ್ತು. ನಾಲ್ಕು ದಪ್ಪ ತಂತಿಯ ಆ ವಾದ್ಯಕ್ಕೆ ಊರಿನವರೆಲ್ಲ ಹೊಳೆಯುವ ಸ್ಟೀಲ್ ತಂತಿ ಹಾಕಿದರೆ ಮರಿಯಯ್ಯ ಮಾತ್ರ ನೈಲಾನ್ ಸುತ್ತಿದ ಕರಿ ತಂತಿ ಹಾಕುತ್ತಿದ್ದ. ಅದು ಮೈಸೂರಿನ ಅಂಗಡಿಗಳಲ್ಲೂ ಸಿಗದ ಮಾಲು, ಬೆಂಗಳೂರಿಗೆ ಹೇಳಿ ತರಿಸಬೇಕು. ತರಿಸಿದ ಮೇಲೂ ಸದ್ದು ಮಂದ. ಹಾಡು ನಿಂತಾಗಲೆಲ್ಲ ಗಿಟಾರಿನ ವೈರು ಸೇರುವ ಸ್ಪೀಕರ್ ಬಾಕ್ಸಿನಿಂದ ಗುಂಯ್ ಎಂಬ ಮೊರೆತ ಬೇರೆ. ಸ್ಟೀಲ್ ತಂತಿಯಾದರೆ ಅಂಗೈ ಇಟ್ಟ ತಕ್ಷಣ ಆ ಮೊರೆತ ನಿಲ್ಲುತ್ತದೆ. ನೈಲಾನ್ ತಂತಿಯ ಮೇಲೆ ಎಷ್ಟು ಹೊತ್ತು ಕೈಯಿಟ್ಟರೂ ನಿಲ್ಲುವುದಿಲ್ಲ. ತಂಡದವರು ಅದಕ್ಕೆ 'ಮರಿಯಯ್ಯನ ಜೇನುಗೂಡು' ಎಂದು ಹೆಸರಿಟ್ಟು ರೇಗಿಸುತ್ತಿದ್ದರು.

"ನಾದ ಅಂದ್ರೆ ಗುಂಡಾಗಿರ್ಬೇಕು ಕಣ್ರಪ್ಪ. ಸ್ಟೀಲು ಕಿರುಚ್ತದೆ," ಎಂದು ಮರಿಯಯ್ಯ ದೊಡ್ಡ ವಿದ್ವಾಂಸನ ಗತ್ತಿನಲ್ಲಿ ಹೇಳುತ್ತಿದ್ದ.

ಹೇಳಿದ್ದು ಅಪ್ಪಟ ಸುಳ್ಳು. ಅವನ ಕಿವಿಗೂ ಸ್ಟೀಲ್ ತಂತಿಯೇ ಇಷ್ಟ. ಆದರೆ ಎಂಬತ್ಮೂರರಲ್ಲಿ ಕವಲಂದೆಯ ಒಂದು ಮದುವೆಯಲ್ಲಿ, ಎಡಗೈ ತಂತಿಯ ಮೇಲಿದ್ದಾಗ ಬಲಗೈಯಿಂದ ಮೈಕ್ ಹಿಡಿದಿದ್ದ. ಬಾಕ್ಸಿನ ಕರೆಂಟು ಗಿಟಾರಿನ ತಂತಿಯಿಂದ ಮೈಯೊಳಗೆ ಬಂದು ಎದೆ ದಾಟಿ ಮೈಕಿನ ಕಡೆಗೆ ಹೋಯಿತು. ಬೆರಳುಗಳು ತಂತಿಯನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಯಾರೋ ಬಾಕ್ಸಿನ ವೈರ್‌ಗೆ ಕಾಲು ತೊಡರಿಸಿಕೊಂಡು ಪ್ಲಗ್ಗು ಕಿತ್ತು ಬಂದಿದ್ದರಿಂದ ಬದುಕಿದ. ಬಿದ್ದಾಗ ಪ್ಯಾಂಟಿನಲ್ಲೇ ಉಚ್ಚೆ ಹೋಗಿತ್ತು. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ನೋಡುತ್ತಿದ್ದರು. "ತಲೆ ಸುತ್ತು ಬಂತು, ಬೆಳಗ್ಗಿಂದ ಊಟ ಮಾಡಿರ್ನಿಲ್ಲ," ಎಂದು ಎದ್ದುಬಂದವನು ಮುಂದಿನ ತಿಂಗಳೇ ಕರಿ ತಂತಿ ತರಿಸಿದ. ನೈಲಾನಿನಲ್ಲಿ ಕರೆಂಟು ಹರಿಯುವುದಿಲ್ಲ. ಹೆದರಿಕೆಯನ್ನು ನಾದ ಎಂದು ಕರೆದುಕೊಂಡ, ಅಷ್ಟೆ.

ಕೀಲುನೋವು ಬಂದು ನುಡಿಸಲು ಆಗದೆಹೋದಾಗ ಗಿಟಾರನ್ನು ಅಕ್ಕನ ಮಗ ಮಾದೇಶನಿಗೆ ಕೊಟ್ಟ. ಮಗಳು ಇಂದ್ರಾಣಿಯನ್ನು ಕೊಟ್ಟಿದ್ದೂ ಅವನಿಗೇ. ಮಾದೇಶ ನೂಲಿನ ಮಿಲ್ಲಿನ ಕೆಲಸ ಮುಗಿಸಿ ಬಂದು ಬೆರಳಿಗೆ ಬೊಬ್ಬೆ ಬರುವವರೆಗೆ ಅಭ್ಯಾಸ ಮಾಡುವ ಹುಚ್ಚು ಮನುಷ್ಯ. ಮರಿಯಯ್ಯನಿಗೆ ಅವನೆಂದರೆ ಪ್ರಾಣ.

ತೊಂಬತ್ತೊಂಬತ್ತರ ಬುದ್ಧ ಪೂರ್ಣಿಮೆಗೆ ಟಿ. ನರಸೀಪುರದಲ್ಲಿ ಕಾರ್ಯಕ್ರಮ ಗೊತ್ತಾಗಿತ್ತು. ಅದಕ್ಕೆ ಎಂಟು ದಿನ ಮೊದಲು ಮಾದೇಶ ಮಾವನ ಮನೆ ಜಗಲಿಯಲ್ಲಿ ಬಂದು ಕೂತ.

"ಮಾವ, ಕ್ಯಾಸೆಟ್ ಮಾಡೋರು ಬತ್ತಾವ್ರಂತೆ. ಬೇಸು ಕೇಳ್ಸದೇ ಇಲ್ಲ ಅಂತಾನೆ ನಮ್ ತಂಡದ ರಾಜೇಂದ್ರಣ್ಣ. ಸ್ಟೀಲ್ ತಂತಿ ಹಾಕ್ಲಾ?"

"ಬ್ಯಾಡ."

"ನಾದ ಅಂತೀರಿ, ಸರಿ. ಬ್ಯಾರೆ ಏನಾದ್ರೂ ಕಾರಣ ಐತಾ? ಇದ್ರೆ ಹೇಳ್ಬುಡಿ, ನಾ ಹಾಕಕಿಲ್ಲ."

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇಂದ್ರಾಣಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಳು. ಮಗಳ ಮುಂದೆ, ಅಳಿಯನ ಮುಂದೆ, ಒದ್ದೆ ಪ್ಯಾಂಟಿನ ಕಥೆ ಹೇಳುವುದೇ?

"ಇನ್ನೇನ್ಲಾ ಕಾರಣ? ನಾದಾನೇ ಕಾರಣ," ಅಂದ. ಮಾದೇಶ ತಲೆಯಾಡಿಸಿ ನಕ್ಕ. ಹಿರಿಯರ ಹಳೇ ರುಚಿಯನ್ನು ಕಂಡು ಕಿರಿಯರು ನಗುವ ನಗು ಅದು.

ಪೂರ್ಣಿಮೆಯ ದಿನ ಮಧ್ಯಾಹ್ನ ಮಳೆ ಸುರಿದು ಸಂಜೆಗೆ ಬಿಟ್ಟಿತು. ವೇದಿಕೆಯ ಜಮಖಾನ ಹಿಂಡಿದರೆ ನೀರು ಬರುವ ಹಾಗಿತ್ತು. ಮಧ್ಯದಲ್ಲಿ ಬುದ್ಧನ ಮೂರ್ತಿ ಇಟ್ಟಿದ್ದರಿಂದ ಕಲಾವಿದರೆಲ್ಲ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು ಬರಿಗಾಲಲ್ಲಿ ಹತ್ತಿದರು. ಬುದ್ಧನ ಮುಂದೆ ಯಾರೂ ಮೆಟ್ಟು ಹಾಕಿ ನಿಲ್ಲುವುದಿಲ್ಲ. ಬಾಕ್ಸಿನ ಪ್ಲಗ್ಗಿಗೆ ಸೋರುವ ಕರೆಂಟನ್ನು ನೆಲಕ್ಕಿಳಿಸುವ ಮೂರನೇ ಪಿನ್ನು ಇರಲಿಲ್ಲ. ಹಳ್ಳಿಗಳ ಬೋರ್ಡಿಗೆ ಸೇರುವುದಿಲ್ಲವೆಂದು ಅದನ್ನು ಮುರಿದು ಯಾವ ಕಾಲವಾಗಿತ್ತೋ. ಮರಿಯಯ್ಯ ಇದನ್ನೆಲ್ಲ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದ. ದೀಪಗಳ ಝಗಮಗದಲ್ಲಿ ತಂತಿ ಕಾಣದಿದ್ದರೂ, ಕರಿ ತಂತಿ ಇದೆಯಲ್ಲ ಎಂದು ಸಮಾಧಾನ ತಂದುಕೊಂಡ.

ಬುದ್ಧವಂದನೆ ಮುಗಿದು ಮೊದಲ ಹಾಡು ಶುರುವಾಯಿತು. ಬೇಸಿನ ಪ್ರತಿಯೊಂದು ಸ್ವರವೂ ತಂಬಿಗೆಗೆ ಬೆರಳು ಕುಟ್ಟಿದಂತೆ ಸ್ಪಷ್ಟವಾಗಿ ಕೇಳಿತು. ಎಂಥ ಸೊಗಸು! ಮರಿಯಯ್ಯನ ಕಣ್ಣು ತುಂಬಿತು. ಹಾಡು ಮುಗಿಯಿತು, ಮಾದೇಶ ತಂತಿಯ ಮೇಲೆ ಅಂಗೈ ಇಟ್ಟ.

ಮೊರೆತ ಇಲ್ಲ. ಜೇನುಗೂಡು ಸುಮ್ಮನಾಗಿತ್ತು.

ಗಿಟಾರಿನಲ್ಲಿರುವುದು ಸ್ಟೀಲ್ ತಂತಿ ಎಂದು ಮರಿಯಯ್ಯನಿಗೆ ತಿಳಿಯಿತು. ಈಗಲೇ ಎದ್ದು ಹೋಗಿ ಹೇಳಬೇಕು. ಆದರೆ ಏನೆಂದು? ಇಷ್ಟು ಜನರ ಮುಂದೆ ಕಾರ್ಯಕ್ರಮ ನಿಲ್ಲಿಸಿದರೆ ಯಾಕೆ ಎಂದು ಕೇಳುವುದಿಲ್ಲವೇ? ಬೇಸಿನವನು ಹಾಡುವುದಿಲ್ಲ, ಮೈಕ್ ಮುಟ್ಟುವುದಿಲ್ಲ. ಇನ್ನೊಂದೇ ಹಾಡು ಮುಗಿದರೆ ಬಿಡುವು ಇದೆ, ಆಗ ಕಿವಿಯಲ್ಲಿ ಹೇಳಿದರಾಯಿತು. ಹೀಗೆ ಲೆಕ್ಕ ಹಾಕಿ ಕುರ್ಚಿಯ ಕೈ ಹಿಡಿದುಕೊಂಡು ಕೂತ. ಆ ಹಾಡು ಐದು ನಿಮಿಷ ಇತ್ತು. ಎದ್ದು ಹತ್ತು ಹೆಜ್ಜೆ ಇಡಲು ಐದು ನಿಮಿಷ ಧಾರಾಳ ಸಾಕಿತ್ತು.

ಹಾಡು ಮುಗಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ತಂಡದ ಯಜಮಾನ ರಾಜೇಂದ್ರ ಖುಷಿಯಲ್ಲಿ ಮೈಕ್ ಸ್ಟ್ಯಾಂಡನ್ನು ಮಾದೇಶನ ಮುಂದಕ್ಕೆ ಸರಿಸಿದ. "ನಮ್ ಬೇಸ್ ಗಿಟಾರ್ ಮಾದೇಶು ಯಾವತ್ತೂ ಮಾತಾಡ್ದೋನಲ್ಲ. ಇವತ್ತು ಅವರ ಗುರುಗಳು ಮುಂದೇನೇ ಕೂತವ್ರೆ. ಒಂದೆರಡು ಮಾತು ಆಡ್ಲಿ!"

ಮರಿಯಯ್ಯ ಎದ್ದ. "ಬ್ಯಾಡ ಕಣ್ಲಾ! ಮೈಕ್ ಮುಟ್ಬ್ಯಾಡ!" ಎಂದು ಎರಡೂ ಕೈ ಬೀಸಿದ. ಹೊಗಳಿಸಿಕೊಳ್ಳಲು ಮುದುಕ ನಾಚುತ್ತಿದ್ದಾನೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಾದೇಶನೂ ಹಾಗೇ ತಿಳಿದು ನಕ್ಕ. ಎಡಗೈ ತಂತಿಯ ಮೇಲಿತ್ತು. ಬಲಗೈಯಲ್ಲಿ ಮೈಕ್ ಹಿಡಿದ.

"ನಮ್ ಮಾವ ಮರಿ..." ಎಂಬಷ್ಟೇ ಕೇಳಿಸಿತು.

ರಾಜೇಂದ್ರ ಓಡಿಹೋಗಿ ಪ್ಲಗ್ಗು ಕಿತ್ತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಮೂರು ದಿನವಾದ ಮೇಲೆ ಇಂದ್ರಾಣಿ ಗಂಡನ ಚೀಲದಿಂದ ಒಂದು ಕಾಗದದ ಪೊಟ್ಟಣ ತಂದು ಅಪ್ಪನ ಮುಂದೆ ಇಟ್ಟಳು. ಒಳಗೆ ನಾಲ್ಕು ಕರಿ ತಂತಿ, ನೀಟಾಗಿ ಸುತ್ತಿಟ್ಟಿದ್ದವು.

"ಮಾವನ್ಗೆ ವಾಪಸ್ ಕೊಡ್ಬೇಕು, ಬಿಸಾಕ್ಬ್ಯಾಡ ಅಂದಿದ್ರು," ಅಂದಳು. "ಅಪ್ಪ, ಅವತ್ತು ಜಗಲೀಲಿ ಅವ್ರು ಕೇಳುದ್ರಲ್ಲ. ನೀವು ಇದ್ನೇ ಯಾಕೆ ಹಾಕ್ತಿದ್ರಿ? ದಿಟ ಹೇಳಿ."

ಮರಿಯಯ್ಯ ತಂತಿಗಳನ್ನು ಕೈಗೆತ್ತಿಕೊಂಡ. ಮಗಳು ಅವನ ಬಾಯನ್ನೇ ನೋಡುತ್ತಿದ್ದಳು. ಈಗ ಹೇಳಿದರೆ ಅವಳು ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನಾದಕ್ಕೆ ಕಣವ್ವ," ಅಂದ.